ಹಿರೇಬೆಣಕಲ್ಲಿನ ಗುಡ್ಡ: ನಮ್ಮ ಸೀಮೆಯ ಹಳೆಯ ರುದ್ರಭೂಮಿ

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಐವತ್ತು ವರ್ಷದ ಸಂಭ್ರಮದಲ್ಲಿ ಸ್ಮಶಾನದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸ್ಥಳೀಯ ಇತಿಹಾಸದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕರೆದಾಗ ನನಗೆ ಮೊದಲು ನೆನಪಾದದ್ದು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್. ಇತಿಹಾಸದ ಮೇಷ್ಟ್ರಾಗಿ ಹಲವು ಸಲ ಮಕ್ಕಳನ್ನು ಕರೆದುಕೊಂಡು ಆ ಗುಡ್ಡ ಹತ್ತಿದ್ದೇನೆ. ಹಂಪಿ, ಆನೆಗೊಂದಿ ನೋಡಿದ ನಮ್ಮ ಜನರಲ್ಲಿ ಬಹಳಷ್ಟು ಮಂದಿ ಇದನ್ನು ನೋಡಿಲ್ಲ.

ಊರಿನಿಂದ ಕಲ್ಲುದಾರಿಯಲ್ಲಿ ನಡೆದು ಮೇಲೆ ಹೋದರೆ ಸುಮಾರು 400 ಶಿಲಾ ಸಮಾಧಿಗಳು ಕಾಣುತ್ತವೆ. ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು ಅವು. ಕೆಲವು ಆಳೆತ್ತರಕ್ಕಿಂತ ಹೆಚ್ಚು, ಕೆಲವು ಮೊಣಕಾಲೆತ್ತರ. ಹಲವು ಕೋಣೆಗಳಿಗೆ ಗುಂಡನೆಯ ಕಿಂಡಿಯುಂಟು. ಸುತ್ತಲಿನ ಜನ ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರೆಂಬ ಕುಳ್ಳ ಜನ ಈ ಮನೆಗಳಲ್ಲಿ ವಾಸವಾಗಿದ್ದರೆಂಬ ಕಥೆಯೂ ಇದೆ. ಆದರೆ ಇವು ಬದುಕಿದ್ದವರ ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದವು. ಕ್ರಿ.ಪೂ. 800ರಿಂದ 200ರವರೆಗಿನ ಕಾಲದವು ಎಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಎಲ್ಲ ಕೋಣೆಯಲ್ಲೂ ಅಸ್ಥಿ ಇಟ್ಟಿರಲಿಕ್ಕಿಲ್ಲ, ಕೆಲವು ಬರೀ ನೆನಪಿಗಾಗಿ ಕಟ್ಟಿದ್ದಿರಬಹುದು ಎಂಬ ಅಭಿಪ್ರಾಯವೂ ಇದೆ.

ಇದನ್ನು ಕಟ್ಟಿಸಿದ ರಾಜನ ಹೆಸರು ಯಾವ ಶಾಸನದಲ್ಲೂ ಇಲ್ಲ. ಕಬ್ಬಿಣದ ಬಳಕೆ ಕಲಿತಿದ್ದ, ಬೇಸಾಯ ಮಾಡಿ ದನ ಸಾಕುತ್ತಿದ್ದ ಕಾಲದ ಜನರ ಕೆಲಸವಿದು. ಗುಡ್ಡದ ಬಂಡೆಯಿಂದಲೇ ಚಪ್ಪಡಿ ಎಬ್ಬಿಸಿದ್ದಾರೆ. ಕಲ್ಲು ತೆಗೆದ ಜಾಗದಲ್ಲಿ ನೀರು ನಿಂತು ಕೆರೆಯಾಗಿದೆ. ಅಂಥ ಒಂದು ಚಪ್ಪಡಿಯನ್ನು ಸಾಗಿಸಿ ನಿಲ್ಲಿಸಲು ಒಂದು ಮನೆಯವರಿಂದ ಸಾಧ್ಯವಿಲ್ಲ. ಊರೆಲ್ಲ ಕೈ ಹಾಕಿರಬೇಕು. ಅಲ್ಲೇ ಎತ್ತರದ ಬಂಡೆಯ ಮೇಲೆ ನಗಾರಿಯಂಥ ಕಲ್ಲೊಂದಿದೆ. ಬಡಿದರೆ ಸದ್ದು ದೂರಕ್ಕೆ ಕೇಳುತ್ತದೆ. ಜನರನ್ನು ಕರೆಯಲು ಅದನ್ನು ಬಾರಿಸುತ್ತಿದ್ದರೇನೋ ಎಂದು ನನ್ನ ವಿದ್ಯಾರ್ಥಿಗಳು ಊಹಿಸುತ್ತಿದ್ದರು.

19ನೆಯ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ನಮ್ಮ ಸೀಮೆಯ ಇಂಥ ಸಮಾಧಿಗಳ ಬಗ್ಗೆ ಬರೆದ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಹೆಸರು ಬಂತು, ಆದರೆ ಕಾವಲು ಸಾಲದು. ನಿಧಿಯಾಸೆಗೆ ಕೆಲವು ಕೋಣೆಗಳನ್ನು ಅಗೆದು ಕೆಡವಿದ್ದಾರೆ. ಮಕ್ಕಳೇ, ಅಲ್ಲಿ ಬಂಗಾರವಿಲ್ಲ. ಈ ಕಾಲದ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಮೂಳೆ. ಆದರೆ ಒಮ್ಮೆ ಬಿದ್ದ ಕೋಣೆ ಮೊದಲಿನಂತೆ ಆಗುವುದಿಲ್ಲ.

ಇನ್ನೊಂದು ಮಾತು. ಆ ಗುಡ್ಡದಲ್ಲಿ ದೊಡ್ಡ ಕೋಣೆಯೂ ಸಣ್ಣ ಕೋಣೆಯೂ ಒಂದೇ ಕಡೆ ಇವೆ. ಅವರಲ್ಲೂ ಹೆಚ್ಚು ಕಡಿಮೆ ಇದ್ದಿರಬಹುದು. ಆದರೂ ಸಣ್ಣವರಿಗೆ ಜಾಗವಿಲ್ಲವೆನ್ನಲಿಲ್ಲ. ಇಂದು ನಮ್ಮ ಎಷ್ಟೋ ಹಳ್ಳಿಗಳಲ್ಲಿ ಜಾತಿಗೊಂದು ಸ್ಮಶಾನ. ಹೊಲವಿಲ್ಲದ ಬಡವರು ಹಳ್ಳದ ದಂಡೆಯಲ್ಲೋ ರಸ್ತೆ ಬದಿಯಲ್ಲೋ ಮಣ್ಣು ಮಾಡಬೇಕಾದ ಸ್ಥಿತಿ. ಇದ್ದ ಸ್ಮಶಾನವೂ ಒತ್ತುವರಿಯಾಗಿ ಕಿರಿದಾಗುತ್ತಿದೆ.

ಹತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಕೆಲಸ ಹೇಳುತ್ತೇನೆ. ನಿಮ್ಮ ಊರಿನ ರುದ್ರಭೂಮಿಯ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಎಷ್ಟು ಎಕರೆ ಇದೆ, ಸ್ಥಳದಲ್ಲಿ ಎಷ್ಟು ಉಳಿದಿದೆ, ಯಾರಿಗೆ ಜಾಗವಿಲ್ಲ, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಹಿರಿಯರಿಂದ ಅಲ್ಲಿನ ಹಳೆಯ ಗೋರಿಗಳ ಕಥೆ ಕೇಳಿ. ಆ ಬರಹವನ್ನು ಶಾಲೆಯಲ್ಲಿಡಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ. ಪಠ್ಯಪುಸ್ತಕದಲ್ಲಿ ಇಲ್ಲದ ನಮ್ಮೂರಿನ ಇತಿಹಾಸ ಅದರಿಂದಲೇ ಶುರುವಾಗಲಿ.