ಧೂಳನ್ನು ಹುಟ್ಟಿದಲ್ಲೇ ಹಿಡಿಯಬೇಕು



ಕಾರ್ಖಾನೆಗಳಲ್ಲಿ ಧೂಳು ಎಳೆಯುವ ಫ್ಯಾನುಗಳ ವಿನ್ಯಾಸ ನನ್ನ ಕಸುಬು. ಮೊದಲ ಕೆಲಸದಲ್ಲೇ ಸೋತೆ. ಒಂದು ಮರಗೆಲಸದ ಶೆಡ್ಡಿನ ಗೋಡೆಗೆ ದೊಡ್ಡ ಫ್ಯಾನು ಕೂರಿಸಿದೆ. ತಿಂಗಳು ಬಿಟ್ಟು ಹೋದರೆ ಗರಗಸದ ಮುಂದಿನವರು ಹಾಗೇ ಕೆಮ್ಮುತ್ತಿದ್ದರು. ವೇಗ ಹೆಚ್ಚಿಸೋಣವೆಂದರೆ, ಅದೇ ಫ್ಯಾನು ಇಮ್ಮಡಿ ವೇಗದಲ್ಲಿ ತಿರುಗಿದರೆ ಗಾಳಿ ಇಮ್ಮಡಿ, ಬೇಕಾಗುವ ವಿದ್ಯುತ್ ಸುಮಾರು 8 ಪಟ್ಟು!

ಆಗ ನೆನಪಾದದ್ದು ಈ ಶಾಲೆಯಲ್ಲಿ ಮೇಷ್ಟ್ರು ಮಾಡಿಸಿದ ಆಟ. ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಊದಿ, ಗಾಳಿ ತಾಗುತ್ತದೆ. ಈಗ ಉಸಿರು ಎಳೆಯಿರಿ, ಏನೂ ತಾಗದು. ಫ್ಯಾನಿನ ಕೊಳವೆಯೂ ಹಾಗೆಯೇ. ಬಾಯಿಯ ಅಗಲದಷ್ಟು ದೂರ ಸರಿದರೆ ಎಳೆತದ ವೇಗ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕೊಳವೆಯ ಬಾಯನ್ನು ಗರಗಸದ ಪಕ್ಕಕ್ಕೇ ತಂದೆ. ಹೊಟ್ಟು ದಾರಿಯಲ್ಲಿ ಕೂರದಂತೆ ಒಳಗೆ ಸೆಕೆಂಡಿಗೆ 20 ಮೀಟರ್ ವೇಗ ಇಟ್ಟೆ. ಮೊದಲಿಗಿಂತ ಚಿಕ್ಕ ಫ್ಯಾನೇ ಸಾಕಾಯಿತು, ಕೆಮ್ಮೂ ತಗ್ಗಿತು.

ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ನುಣ್ಣನೆಯ ಧೂಳು. ನಮ್ಮೂರಿನ ಬಡಗಿಗಳೇ, ಗಿರಣಿಯವರೇ, ಕಲ್ಲು ಕೊರೆಯುವವರೇ, ಫ್ಯಾನು ಕೊಳ್ಳುವ ಮೊದಲು ಧೂಳು ಎಲ್ಲಿ ಹುಟ್ಟುತ್ತದೆ ನೋಡಿ. ಕೊಳವೆಯ ಬಾಯಿ ಅಲ್ಲೇ ಇರಲಿ.