ಹಲ್ಲು ಕಟ್ಟಿಸುವ ಖರ್ಚು ಯಾರ ತಲೆಯ ಮೇಲೆ?

(ನಿಪ್ಪಾಣಿಯಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಬಡವನ ಪಾಲಿಗೆ ಅದು ನಗೆಮಾತಲ್ಲ. ಜೋಳದ ರೊಟ್ಟಿಯ ಈ ನಾಡಿನಲ್ಲಿ ಹಲ್ಲು ಹೋದವನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಬೇಕು. ಶೇಂಗಾ, ಕಡಲೆ, ಮೂಲಂಗಿ ಅವನ ತಾಟಿನಿಂದ ದೂರವಾಗುತ್ತವೆ. ಮೈಯ ಶಕ್ತಿ ಕುಂದಿದರೆ ಗಳಿಕೆಯೂ ಕುಂದುತ್ತದೆ. ಆದುದರಿಂದ ಇದು ಚೆಂದದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ತಂಬಾಕಿನ ವಖಾರಿಗಳಲ್ಲಿ ದುಡಿದ ತಾಯಂದಿರು ಮಿಶ್ರಿ ತಿಕ್ಕುವ ರೂಢಿಯನ್ನು ಬಲ್ಲರು. ಹುರಿದ ತಂಬಾಕಿನ ಆ ಪುಡಿ ಒಸಡನ್ನು ತಿನ್ನುತ್ತದೆ. ಅದನ್ನು ಬಿಡಬೇಕು, ಎರಡು ಮಾತಿಲ್ಲ. ಆದರೆ ಹಲ್ಲು ಹೋದ ಮೇಲೆ ಬರೀ ಬುದ್ಧಿವಾದದಿಂದ ರೊಟ್ಟಿ ಮುರಿಯದು.

ಒಂದು ಹಲ್ಲಿಗೆ ಕ್ಯಾಪು ಹಾಕಿಸಬೇಕಾದರೆ ಅನೇಕ ಸಲ ಮೊದಲು ಬೇರಿನ ಚಿಕಿತ್ಸೆಯಾಗಬೇಕು. ಅದರ ಬಿಲ್ಲು ಬೇರೆ, ಕ್ಯಾಪಿನ ಬಿಲ್ಲು ಬೇರೆ. ಕ್ಯಾಪು ಮಾಡುವ ಪ್ರಯೋಗಶಾಲೆಯ ಮಜೂರಿಯೂ ನಮ್ಮ ಬಿಲ್ಲಿಗೇ ಸೇರುತ್ತದೆ. ಲೋಹದ್ದಕ್ಕೆ ಒಂದು ದರ, ಪಿಂಗಾಣಿಯದಕ್ಕೆ ಇನ್ನೊಂದು, ಜಿರ್ಕೋನಿಯಾದ್ದಕ್ಕೆ ಮತ್ತೂ ಹೆಚ್ಚು. ಅಷ್ಟು ಹಣವಿಲ್ಲದವನು “ಕಿತ್ತುಬಿಡ್ರಿ ಸಾಹೇಬ್ರ” ಎನ್ನುತ್ತಾನೆ. ಉಳಿಯಬಹುದಾಗಿದ್ದ ಹಲ್ಲು ಹೀಗೆ ಹೋಗುತ್ತದೆ.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ಹಲ್ಲು ಕಳೆದುಕೊಂಡ ಬಡ ವೃದ್ಧರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲು ಕಟ್ಟಿಸುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರಕಾರ 2014ರಲ್ಲಿ ತಂದಿತು. ಒಳ್ಳೆಯ ಕೆಲಸ. ಆದರೆ ನಮ್ಮ ಜಿಲ್ಲೆಯ ದಂತ ಕಾಲೇಜುಗಳು ಇರುವುದು ಬೆಳಗಾವಿ ನಗರದಲ್ಲಿ. ಪೂರ್ತಿ ಸೆಟ್ಟು ಒಂದೇ ದಿನಕ್ಕೆ ಆಗುವುದಿಲ್ಲ. ಮೊದಲ ಅಚ್ಚು, ಎರಡನೆಯ ಅಚ್ಚು, ಕಚ್ಚುವ ಅಳತೆ, ಮೇಣದಲ್ಲಿ ಕೂಡಿಸಿ ನೋಡುವುದು, ಕೊನೆಗೆ ತೊಡಿಸುವುದು: ಸಾಮಾನ್ಯವಾಗಿ ಐದು ಸಲ ಹೋಗಬೇಕು. ಒಸಡಿಗೆ ಚುಚ್ಚಿದರೆ ಆರನೆಯ ಸಲ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ಕಾಗವಾಡಕ್ಕೆ ಮಿರಜ ಹತ್ತಿರ, ಆದರೆ ಯೋಜನೆ ಕರ್ನಾಟಕದ್ದು. 2023ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಗಿದೆ. ಕಳೆದ ದಿನದ ಕೂಲಿಯನ್ನು ಯಾವ ಬಸ್ಸೂ ಕೊಡುವುದಿಲ್ಲ. ದುಡಿಯುವ ಮುದುಕಿಯ ಸಂಗಡ ಮಗನೂ ಹೋದರೆ, ಐದು ಸಲಕ್ಕೆ ಹತ್ತು ಕೂಲಿ ಹೋಯಿತು. ಉಚಿತ ಹಲ್ಲಿನ ಬೆಲೆ ಇದು! ಕಾರ್ಡಿಲ್ಲದ ಕಿರಾಣಿ ಅಂಗಡಿಯವನಿಗಂತೂ ಅದೂ ಇಲ್ಲ.

ಹಲ್ಲಿನ ಮಾತು ರಾಜಕೀಯವೇ ಎಂದು ಕೆಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ 1948ರಲ್ಲಿ ಎಲ್ಲರಿಗೂ ಉಚಿತ ವೈದ್ಯ ಸೇವೆ ತಂದರು. ಕಟ್ಟಿದ ಹಲ್ಲೂ ಅದರಲ್ಲಿ ಸೇರಿತ್ತು. 1951ರಲ್ಲಿ, ಕೊರಿಯಾ ಯುದ್ಧದ ಕಾಲದಲ್ಲಿ, ಅವರದೇ ಪಕ್ಷದ ಸರಕಾರ ಶಸ್ತ್ರಾಸ್ತ್ರಗಳಿಗೆ ಮೂರು ವರ್ಷದಲ್ಲಿ 470 ಕೋಟಿ ಪೌಂಡು ತೆಗೆದಿಟ್ಟು, ಹಲ್ಲಿನ ಸೆಟ್ಟು ಮತ್ತು ಕನ್ನಡಕದ ಅರ್ಧ ಬೆಲೆಯನ್ನು ಜನರ ಮೇಲೆ ಹೊರಿಸಿತು. ಬೆವನ್ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಬಡವನ ಹಲ್ಲು ಒಬ್ಬ ಸಮಾಜವಾದಿಗೆ ಅಷ್ಟು ದೊಡ್ಡ ವಿಷಯವಾಗಿತ್ತು.

ನಮ್ಮ ಬೇಡಿಕೆಗಳು ಮೂರು. ಒಂದು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ವಾರದ ರಜೆಯ ದಿನ ದಂತವೈದ್ಯರು ಬಂದು ಅಚ್ಚು, ಅಳತೆ ಇಲ್ಲಿಯೇ ತೆಗೆಯಲಿ. ಬೆಳಗಾವಿಗೆ ಅಚ್ಚು ಹೋಗಲಿ, ಮುದುಕರು ಹೋಗುವುದು ಬೇಡ. ಎರಡು: ಕ್ಯಾಪೂ ಯೋಜನೆಯಲ್ಲಿ ಸೇರಲಿ, ಕಾರ್ಡಿಲ್ಲದ ಸಣ್ಣ ವ್ಯಾಪಾರಿಗೆ ತಯಾರಿಕೆಯ ವೆಚ್ಚದಲ್ಲೇ ಸಿಗಲಿ. ಮೂರು: ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ಪ್ರತಿಯೊಂದು ದವಾಖಾನೆಯ ಗೋಡೆಯ ಮೇಲೆ ದರಪಟ್ಟಿ ಕಾಣಲಿ.

ನಿಮ್ಮ ಓಣಿಯಲ್ಲಿ ಹಲ್ಲಿಲ್ಲದವರೆಷ್ಟು, ಬೆಳಗಾವಿಗೆ ಹೋಗಿ ಬಂದವರೆಷ್ಟು, ಅವರು ಕಳೆದುಕೊಂಡ ಕೂಲಿಯೆಷ್ಟು ಎಂದು ಬರೆದುಕೊಂಡು ಬನ್ನಿರಿ. ಆ ಪಟ್ಟಿಯನ್ನು ಹಿಡಿದು ನಾವೆಲ್ಲರೂ ಕೂಡಿಯೇ ತಹಸೀಲ್ದಾರರ ಕಚೇರಿಗೆ ಹೋಗೋಣ.