ಶಾಲು ಆಮೇಲೆ, ಹೆಸರು ಮೊದಲು

(ಧಾರವಾಡದಲ್ಲಿ ಮಾಜಿ ಸೈನಿಕರ ಹಾಗೂ ವೀರನಾರಿಯರ, ಅಂದರೆ ಮೃತ ಯೋಧರ ಪತ್ನಿಯರ, ಜಿಲ್ಲಾ ಸಮಾವೇಶದ ಅಧ್ಯಕ್ಷ ಭಾಷಣ)



ನನ್ನ ಹಿಂದಿನ ಅಧ್ಯಕ್ಷರು ನಮ್ಮ ಮಾಜಿ ಸೈನಿಕರ ಸಂಘಕ್ಕೆ ಕಟ್ಟಡ ಕಟ್ಟಿಸಿದರು, ಅವರ ಹಿಂದಿನವರು ಕಟ್ಟಡಕ್ಕೆ ಜಾಗ ಕೊಡಿಸಿದರು. ಇಬ್ಬರನ್ನೂ ಗೌರವದಿಂದ ನೆನೆಯುತ್ತೇನೆ. ನಾವು ಕಾರ್ಯಪ್ಪ, ತಿಮ್ಮಯ್ಯನವರ ನಾಡಿನವರು ಎಂಬ ಮಾತನ್ನು ನನಗಿಂತ ಮೊದಲು ಮಾತಾಡಿದವರೆಲ್ಲ ಹೇಳಿಯಾಗಿದೆ. ನಾನು ವಿಷಯಕ್ಕೆ ಬರುತ್ತೇನೆ.

ನಾನು ಪಲ್ಟನ್ನಿನಲ್ಲಿ ಕ್ಲರ್ಕ್ ಆಗಿದ್ದವನು. ಗುಡ್ಡ ಹತ್ತಿದ ಕಥೆ, ಗುಂಡು ಹಾರಿಸಿದ ಕಥೆ ಹೇಳುವ ಹಕ್ಕು ಇಲ್ಲಿ ಕೂತ ಅನೇಕರಿಗೆ ನನಗಿಂತ ಹೆಚ್ಚು ಇದೆ. ನನಗೆ ಗೊತ್ತಿರುವುದು ಕಾಗದ. ಸಿಪಾಯಿ ಊರಿಗೆ ಬಂದು ಮದುವೆಯಾಗಿ ರಜೆ ಮುಗಿಸಿ ಹೋಗುತ್ತಾನೆ. ಊರಿಗೆಲ್ಲ ಊಟ ಹಾಕಿದ್ದರೂ ಆ ಮದುವೆ ಸೇನೆಯ ಲೆಕ್ಕಕ್ಕೆ ಬರುವುದು ಅವನ ಯೂನಿಟ್ಟು ಪಾರ್ಟ್-2 ಆರ್ಡರ್ ಹೊರಡಿಸಿದಾಗ ಮಾತ್ರ. ಮಗು ಹುಟ್ಟಿದರೂ ಅಷ್ಟೇ. ಆ ಆರ್ಡರು ರೆಕಾರ್ಡ್ ಆಫೀಸ್ ಮುಟ್ಟಬೇಕು, ಅವನ ಸೇವಾ ದಾಖಲೆಯಾದ ಶೀಟ್ ರೋಲಿನಲ್ಲಿ ಏರಬೇಕು, ನಿವೃತ್ತಿಯಾಗುವಾಗ ಡಿಸ್ಚಾರ್ಜ್ ಬುಕ್ಕಿಗೂ ಪಿಂಚಣಿ ಆದೇಶವಾದ ಪಿಪಿಒಗೂ ಇಳಿಯಬೇಕು. ಈ ದಾರಿಯಲ್ಲಿ ಎಲ್ಲೋ ಒಂದು ಅಕ್ಷರ ಜಾರಿದರೆ ಗಂಡ ಬದುಕಿರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅವನು ಸತ್ತ ಮೇಲೆ ಆ ಅಕ್ಷರ ಹೆಂಡತಿಯ ತಲೆಯ ಮೇಲೆ ಬಂದು ಬೀಳುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರಿನ ಕಥೆ ನಿಮಗೆಲ್ಲ ಗೊತ್ತು. ತವರಿನಲ್ಲಿ ಬಸವ್ವ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಗಂಡ ಬೆರಳಿನಿಂದ ಬರೆದದ್ದು ಶಾಂತಾ. ಯೂನಿಟ್ಟಿನಲ್ಲಿ ಹಿಂದಿಯವನೊಬ್ಬ ಕೇಳಿ ಬರೆದುಕೊಂಡದ್ದು ಶಾಂತಿದೇವಿ. ಆಧಾರ್ ಮಾಡುವ ಹುಡುಗ ಒತ್ತಿದ್ದು ಶಾಂತವ್ವ. ಹುಟ್ಟಿದ ತಾರೀಖು ಕೇಳಿದರೆ ಶಾಲೆಯ ಮಾಸ್ತರರು ಊರಿನ ಅರ್ಧ ಮಕ್ಕಳಿಗೆ ಕೊಟ್ಟ ಜೂನ್ 1. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದೂ ಇಲ್ಲ. ಊರಿಗೆ ಇವಳು ಒಬ್ಬಳೇ ಹೆಂಗಸು. ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ವರು, ಮತ್ತು ನಾಲ್ವರಲ್ಲಿ ಯಾರಿಗೂ ಪಿಂಚಣಿ ಇಲ್ಲ.

ಕಳೆದ ಮಳೆಗಾಲ ಸಂಘದ ಕಚೇರಿಗೆ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಮೊಮ್ಮಗನ ಕೈಯಲ್ಲಿ ಕರಿ ಬಣ್ಣದ ತಗಡಿನ ಟ್ರಂಕು ಹೊರಿಸಿಕೊಂಡು ಬಂದಿದ್ದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಗಂಡನ ನಂಬರು, ರ‍್ಯಾಂಕು, ಹೆಸರು. ಒಳಗೆ ಒಂದು ಜೊತೆ ಪದಕ, ಮಡಚಿದ ಮಫ್ಲರು, ಗೊಬ್ಬರದ ಚೀಲ ಕತ್ತರಿಸಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್ಕು. ಹೆಂಡತಿಯ ಹೆಸರಿನ ಜಾಗದಲ್ಲಿ ಶಾಯಿ ನೀರು ಕುಡಿದು ಹರಡಿತ್ತು. ಉಳಿದಿದ್ದ ಅಕ್ಷರಗಳು ಆಧಾರಿಗೆ ಹೊಂದುತ್ತಿರಲಿಲ್ಲ. ಏನು ಮಾಡಬೇಕು ಅಂತ ನಾನು ಹೇಳುತ್ತಾ ಹೋದೆ. ಮರಣ ಪತ್ರ, ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ಅರ್ಜಿ, ಅಲ್ಲಿಂದ ಹೊಸ ಪಾರ್ಟ್-2 ಆರ್ಡರ್, ಆಮೇಲೆ ತಿದ್ದುಪಡಿ ಪಿಪಿಒಗೆ ರಕ್ಷಣಾ ಪಿಂಚಣಿ ಕಚೇರಿ ಇರುವ ಪ್ರಯಾಗ್‌ರಾಜ್. ಆ ತಾಯಿ ತಾಳ್ಮೆಯಿಂದ ಕೇಳಿ, “ಸಾಹೇಬ್ರ, ನಾ ಯಾರು ಅಂತ ನಾನೇ ಹೇಳಿದ್ರ ನಡಿಯೂದಿಲ್ಲೇನ್ರಿ?” ಅಂದರು. ನಡೆಯುವುದಿಲ್ಲ. ಅದೇ ನನ್ನ ಇವತ್ತಿನ ಭಾಷಣ.

ಹಿಂದೆ ಪಿಂಚಣಿ ಬ್ಯಾಂಕಿನಿಂದ ಬರುತ್ತಿತ್ತು. ಮ್ಯಾನೇಜರು ಬೈದರೂ ಎದುರಿಗೆ ಒಂದು ಮುಖ ಇರುತ್ತಿತ್ತು. ಈಗ ಸ್ಪರ್ಶ್ ಎಂಬ ಪಿಂಚಣಿ ಪೋರ್ಟಲ್ ಬಂದಿದೆ. ಒಳ್ಳೆಯ ವ್ಯವಸ್ಥೆ, ನಾನು ಅದರ ವಿರೋಧಿಯಲ್ಲ. ಎಲ್ಲರ ಲೆಕ್ಕ ಒಂದೇ ಕಡೆ, ಅರ್ಜಿ ಎಲ್ಲಿದೆ ಎಂದು ಕೂತಲ್ಲೇ ನೋಡಬಹುದು. ಆದರೆ ಯಾರು ನೋಡಬಹುದು? ಪೋರ್ಟಲಿಗೆ ಲಾಗಿನ್ ಬೇಕು. ಲಾಗಿನ್‌ಗೆ ಒಟಿಪಿ ಬೇಕು. ಒಟಿಪಿ ಬರುವುದು ತೀರಿಹೋದ ಗಂಡನ ನಂಬರಿಗೆ, ಇಲ್ಲವೇ ಪುಣೆಯಲ್ಲಿ ದುಡಿಯುವ ಮಗನ ನಂಬರಿಗೆ. ರೆಕಾರ್ಡ್ ಆಫೀಸಿನ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅದೃಷ್ಟ ಚೆನ್ನಾಗಿದ್ದರೆ ಹಿಂದಿಯಲ್ಲಿ. ‘ಈ ದಾಖಲೆ ಸಲ್ಲಿಸಿ’ ಎಂದು ಬರೆದದ್ದನ್ನು ‘ಅರ್ಜಿ ವಜಾ ಆಗಿದೆ’ ಎಂದು ಯಾರೋ ಓದಿ ಹೇಳಿ, ಆ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾದ ಮನೆಗಳಿವೆ.

ಹಣ ಎಷ್ಟು ಅಂತ ಕೇಳಬಹುದು. ಶತ್ರುವಿನ ಗುಂಡಿಗೆ ಬಲಿಯಾದವನ ಪತ್ನಿಗೆ ಲಿಬರಲೈಸ್ಡ್ ಪಿಂಚಣಿ, ಅಂದರೆ ಕೊನೆಯ ವೇತನದಷ್ಟೇ. ನಿವೃತ್ತನಾಗಿ ಊರಲ್ಲಿ ಕಾಯಿಲೆಯಿಂದ ಸತ್ತವನ ಪತ್ನಿಗೆ ಸಾಮಾನ್ಯ ಕುಟುಂಬ ಪಿಂಚಣಿ, ಸಾಮಾನ್ಯವಾಗಿ ಕೊನೆಯ ವೇತನದ ನೂರಕ್ಕೆ 30. ಕನಿಷ್ಠ ಮೂಲ ಪಿಂಚಣಿ 2016ರಿಂದ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಒಣಬೇಸಾಯದ ಮನೆಯಲ್ಲಿ ಪ್ರತಿ ತಿಂಗಳು ತಪ್ಪದೆ ಬರುವ ದುಡ್ಡು ಅದೊಂದೇ. ಅದು ನಿಂತರೆ ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡೂ ತಕರಾರಿಗೆ ಬೀಳುತ್ತದೆ, ಬಿಪಿ ಮಾತ್ರೆ ನಿಲ್ಲುತ್ತದೆ.

ಸಮಾನ ಹುದ್ದೆಗೆ ಸಮಾನ ಪಿಂಚಣಿಗಾಗಿ 2015ರಲ್ಲಿ ನಮ್ಮವರು ದೆಹಲಿಯ ಜಂತರ್ ಮಂತರ್‌ನಲ್ಲಿ ಬಿಸಿಲಲ್ಲಿ ಕೂತರು. 2014ರ ಜುಲೈ 1ರಿಂದಲೇ ಅನ್ವಯವಾಗುವಂತೆ ಅದು ಜಾರಿಗೆ ಬಂತು, ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತಿದೆ. ದೊಡ್ಡ ಗೆಲುವು. ಆದರೆ ಪಿಪಿಒದಲ್ಲಿ ಹೆಸರೇ ಇಲ್ಲದವಳಿಗೆ ಪರಿಷ್ಕರಣೆ ಯಾವುದರ ಮೇಲೆ?

ನಮ್ಮ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಮರೆತವರಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19 ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹಿಮದಡಿ ಸಿಕ್ಕರು. ಆರು ದಿನಗಳ ಮೇಲೆ ಇವರೊಬ್ಬರು ಉಸಿರಾಡುತ್ತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಶಕ್ಕೆ ದೇಶವೇ ಕಣ್ಣೀರು ಹಾಕಿತು, ಹಾಕಬೇಕಾದದ್ದೇ. ಅಂಥ ಸಾವಿನ ಮನೆಗೆ ಮಂತ್ರಿಗಳು ಬರುತ್ತಾರೆ, ಕ್ಯಾಮೆರಾ ಬರುತ್ತದೆ. ನಾನು ಹೇಳುತ್ತಿರುವುದು ಕ್ಯಾಮೆರಾ ಬರದ ಮನೆಯ ಮಾತು. ಹದಿನೇಳು ವರ್ಷ ಗಡಿ ಕಾಯ್ದು, ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡಿ, ಒಂದು ರಾತ್ರಿ ಎದೆನೋವು ಬಂದು ಸತ್ತ ಹವಾಲ್ದಾರನ ಮನೆಯ ಮಾತು. ನಮ್ಮಲ್ಲಿ ಬಹಳಷ್ಟು ಜನ ಹಾಗೆಯೇ ಸಾಯುವವರು.

ಈಗ ಹಳೆಯ ಜಗಳ. ಇದನ್ನು ವೇದಿಕೆಯ ಮೇಲೆ ಎತ್ತಬೇಡಿ ಎಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇಬ್ಬರು ಹಿರಿಯರು ಹೇಳಿದರು. ಎತ್ತುತ್ತಿದ್ದೇನೆ. ಸಂಘದಲ್ಲಿ ದೇಣಿಗೆ ಕೂಡಿದಾಗ ಹುತಾತ್ಮರ ಸ್ಮಾರಕ ಆಗಲಿ ಎಂದು ಒಂದು ಗುಂಪು ಹೊರಟಿತು. ಮೊದಲು ಒಬ್ಬ ಗುಮಾಸ್ತ, ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ಇಡೋಣ ಎಂದು ನಾನು ಹೇಳಿದೆ. ‘ಇವನು ಸ್ಮಾರಕದ ವಿರೋಧಿ, ಕ್ಲರ್ಕ್ ಬುದ್ಧಿ ಬಿಡಲಿಲ್ಲ’ ಎಂಬ ಮಾತು ಬಂತು. ನನ್ನ ಪತ್ರ ಪ್ರತಿ ಸಭೆಯಲ್ಲೂ ‘ಅಧ್ಯಕ್ಷರ ಅನುಮತಿ ಮೇರೆಗೆ ಬರುವ ಇತರ ವಿಷಯಗಳು’ ಎಂಬ ಕಡೆಯ ಸಾಲಿಗೆ ಹೋಯಿತು. ಅಷ್ಟು ಹೊತ್ತಿಗೆ ಚಹಾ ಬಂದಿರುತ್ತಿತ್ತು. ಸ್ಮಾರಕವೂ ಅಡಿಪಾಯದ ಮೇಲೆ ಎದ್ದಿಲ್ಲ, ಗುಮಾಸ್ತನೂ ಬಂದಿಲ್ಲ.

ನಾನು ಸ್ಮಾರಕದ ವಿರೋಧಿಯಲ್ಲ. ಈ ನಾಡು ಊರೂರಿಗೂ ವೀರಗಲ್ಲು ನಿಲ್ಲಿಸಿದ ನಾಡು. ಆದರೆ ಆ ಕಾಲದವರು ಬರೀ ಕಲ್ಲು ನಿಲ್ಲಿಸಿ ಮನೆಗೆ ಹೋಗಲಿಲ್ಲ. ಕಾದಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟರು. ನೆತ್ತರುಗೊಡಗೆ ಎಂದು ಅದನ್ನೂ ಶಾಸನದಲ್ಲಿ ಬರೆಸಿದರು, ಇದನ್ನು ಕೆಡಿಸಿದವನಿಗೆ ಪಾಪ ತಟ್ಟಲಿ ಎಂದು ಶಾಪವನ್ನೂ ಹಾಕಿಸಿದರು. ಗೌರವದ ಜೊತೆಗೆ ಅನ್ನವನ್ನೂ ಬರೆದಿಟ್ಟರು. ನಾವು ಆಗಸ್ಟ್ 15ಕ್ಕೆ ವೀರನಾರಿಯರನ್ನು ಕರೆದು, ಭಾಷಣಗಳೆಲ್ಲ ಮುಗಿಯುವ ತನಕ ಬಿಸಿಲಲ್ಲಿ ಕೂರಿಸಿ, ಒಂದು ಶಾಲು ಹೊದಿಸಿ, ಫೋಟೊ ತೆಗೆದು ಕಳಿಸುತ್ತೇವೆ. ಆ ತಾಯಿ ಶಾಲಿನ ಒಳಗೆ ಅರ್ಜಿಯ ಜೆರಾಕ್ಸ್ ಹಿಡಿದುಕೊಂಡೇ ಬಂದಿರುತ್ತಾಳೆ. ಯಾರ ಕೈಗೆ ಕೊಡಬೇಕು ಅಂತ ಗೊತ್ತಾಗದೆ ವಾಪಸ್ ಒಯ್ಯುತ್ತಾಳೆ.

ಆದ್ದರಿಂದ ನನ್ನ ಬೇಡಿಕೆಗಳು. ಮೊದಲನೆಯದು ನಮ್ಮದೇ ಮನೆಯದು. ಬದುಕಿರುವ ಪ್ರತಿ ಪಿಂಚಣಿದಾರ ಪಿಪಿಒ, ಡಿಸ್ಚಾರ್ಜ್ ಬುಕ್ಕು, ಹೆಂಡತಿಯ ಆಧಾರು, ಪಾಸ್‌ಬುಕ್ಕು ನಾಲ್ಕನ್ನೂ ಒಟ್ಟಿಗೆ ಇಟ್ಟು ಹೆಸರು, ತಾರೀಖು ತಾಳೆ ನೋಡಬೇಕು. ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡುವಾಗಲೇ ಇದನ್ನೂ ಮಾಡಿ. ಗಂಡ ಬದುಕಿದ್ದು ಸಹಿ ಹಾಕಿದರೆ ಸುಲಭವಾಗುವ ಕೆಲಸ, ಅವನು ಹೋದ ಮೇಲೆ ಹೆಂಡತಿಗೆ ವನವಾಸ.

ಎರಡನೆಯದು, ಸೈನಿಕ ಕಲ್ಯಾಣ ಇಲಾಖೆಗೆ. ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕಿನಲ್ಲಿ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಕನ್ನಡ ಬಲ್ಲ ಒಬ್ಬ ನೌಕರ ಸ್ಪರ್ಶ್ ತೆರೆದು ಕೂರಲಿ. ಮೂರನೆಯದು, ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್ ಬೆಂಗಳೂರಿನಲ್ಲಿದೆ, ಮದ್ರಾಸ್ ರೆಜಿಮೆಂಟ್ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಯಾವುದೂ ಸಮುದ್ರದಾಚೆ ಇಲ್ಲ. ವರ್ಷಕ್ಕೊಮ್ಮೆ ಅವರ ರೆಕಾರ್ಡ್ ಆಫೀಸಿನವರು ಕಡತ ಸಮೇತ ಇಲ್ಲಿಗೆ ಬರಲಿ. ನಾಲ್ಕನೆಯದು, ಹೆಸರಿನ ಅಕ್ಷರದ ತಕರಾರು ಮಾತ್ರ ಇದ್ದಲ್ಲಿ, ತಿದ್ದುಪಡಿಯಾಗುವ ತನಕ ತಾತ್ಕಾಲಿಕ ಪಿಂಚಣಿ ಕೊಡಲಿ. ಮತ್ತು ರೆಕಾರ್ಡ್ ಆಫೀಸಿನ ಉತ್ತರದ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಇರಲಿ.

ಇನ್ನು ಆಸೆಗಳು. ಹೊಸದಾಗಿ ಮದುವೆಯಾದ ಸಿಪಾಯಿಯ ಹೆಂಡತಿಯ ಹೆಸರನ್ನು ಅವಳನ್ನೇ ಕೇಳಿ, ಅವಳ ಎದುರಿಗೇ ಬರೆದುಕೊಳ್ಳುವ ಕಾಲ ಬರಲಿ. ಒಂದೇ ಕಚೇರಿಗೆ ಒಂದೇ ಕೆಲಸಕ್ಕೆ ಯಾವ ವೀರನಾರಿಯೂ ಎರಡನೆಯ ಸಲ ಹೋಗದಿರಲಿ. ಹೈಸ್ಕೂಲಿನ ಮಕ್ಕಳು ಸೇನಾ ಧ್ವಜ ದಿನದ ದೇಣಿಗೆ ಡಬ್ಬಿ ಹಿಡಿದು ಬಂದಾಗ, ಓಣಿಯ ಅಜ್ಜಿಯರಿಗೆ ಬಂದ ಸರ್ಕಾರಿ ಕಾಗದವನ್ನೂ ಓದಿ ಹೇಳಿ ಹೋಗಲಿ. ನಗುತ್ತಿದ್ದೀರಿ. ನಗಿ, ಆದರೆ ಬರೆದುಕೊಳ್ಳಿ.

ಕಡೆಗೆ ಒಂದು ಠರಾವು. ಈ ವರ್ಷ ಸಂಘದಿಂದ ಶಾಲು, ಹಾರ, ಫಲಕ ಯಾವುದೂ ಬೇಡ, ಅಧ್ಯಕ್ಷನಾದ ನನಗಂತೂ ಖಂಡಿತ ಬೇಡ. ಆ ದುಡ್ಡು ಗುಮಾಸ್ತನ ಸಂಬಳಕ್ಕೆ ಹೋಗಲಿ. ವಿರೋಧ ಇರುವವರು ಇಲ್ಲೇ ಎದ್ದು ಹೇಳಿ, ಚಹಾದ ಹೊತ್ತಿಗೆ ಬೇಡ. ಊಟದ ಪೆಂಡಾಲಿನ ಪಕ್ಕ ಎರಡು ಮೇಜು ಹಾಕಿಸಿದ್ದೇನೆ; ಕಾಗದ ತಂದವರು ಅಲ್ಲಿಗೆ ಬನ್ನಿ. ತಾಯಂದಿರ ಸಾಲು ಮೊದಲು, ಅಧಿಕಾರಿಗಳ ಊಟ ಆಮೇಲೆ.

ಜೈ ಹಿಂದ್. ಜೈ ಕರ್ನಾಟಕ.